ಪೊಡಿ ಅಂದರೆ ಪುಡಿಯಲ್ಲ

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನನ್ನ ಎಡಗಿವಿ ಸದಾ ಸೋರುತ್ತಿತ್ತು. ಅದರ ವಾಸನೆಗೆ ತರಗತಿಯಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ನಾವು ಕಲಬುರಗಿ ಕಡೆಯಿಂದ ದುಡಿಯಲು ಹೈದರಾಬಾದಿಗೆ ಬಂದವರು. ಅಲ್ಲಿ ಆಗ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಪ್ಪ, ಅವ್ವ ಅವಕ್ಕೆ ಇಟ್ಟಿಗೆ, ಸಿಮೆಂಟು ಹೊರುತ್ತಿದ್ದರು.

ಕಿವಿಯ ಹಿಂದಿನ ಎಲುಬಿಗೆ ಕೀವು ಇಳಿದಿದೆ ಎಂದು ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ಆಪರೇಷನ್ ಮಾಡಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ತೆಲುಗಿನಲ್ಲಿ, “ಚೆವಿನಿ ಪೊಡಿಗಾ ಉಂಚಂಡಿ” ಎಂದರು. ಅವ್ವ ತಲೆಯಾಡಿಸಿದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಕಾಗದದ ಕೊಳವೆಯಲ್ಲಿ ಅರಿಶಿನ ಪುಡಿ ತುಂಬಿ ನನ್ನ ಕಿವಿಯೊಳಗೆ ಊದತೊಡಗಿದಳು. ಮಳೆಗಾಲ ಮುಗಿಯುವುದರೊಳಗೆ ಕೀವು ಮತ್ತೆ ಬಂತು.

ಎರಡನೇ ಆಪರೇಷನ್ನಿನ ದಿನ ವಾರ್ಡೆಲ್ಲ ಫಿನಾಯಿಲ್ ನಾರುತ್ತಿತ್ತು. ಯಾದಗಿರಿ ಕಡೆಯ ಆಯಾ ಒಬ್ಬಳು ಬ್ಲೇಡಿನಿಂದ ನನ್ನ ಕಿವಿಯ ಹಿಂದಿನ ಕೂದಲು ತೆಗೆಯುತ್ತಿದ್ದಳು. ಕಿವಿ ಒರೆಸಿದ ಹತ್ತಿಗೆ ಹಳದಿ ಮೆತ್ತಿದ್ದು ನೋಡಿ, ಇದೇನು ಎಂದಳು.

“ಡಾಕ್ಟರಮ್ಮ ಪುಡಿ ಹಾಕಂದಿದ್ರಲ್ರಿ. ಒಂದ್ ದಿನಾನೂ ತಪ್ಪಿಸಿಲ್ರಿ,” ಎಂದಳು ಅವ್ವ, ಹೆಮ್ಮೆಯಿಂದ.

“ಅಯ್ಯ ತಂಗಿ, ಪೊಡಿ ಅಂದ್ರ ತೆಲುಗಿನಾಗ ಒಣಗಿದ್ದು ಅಂತನೂ ಐತಿ. ಕಿವಿ ಒಣಾ ಇಡ್ರಿ, ನೀರು ತಾಗಿಸಬ್ಯಾಡ್ರಿ ಅಂದಾರ ಅವರು.”

ಅವ್ವ ಸೆರಗಿನ ತುದಿಯಿಂದ ನನ್ನ ಕಿವಿಯ ಹಳದಿ ಒರೆಸತೊಡಗಿದಳು. ಡಾಕ್ಟರಮ್ಮ ಬಂದಾಗ ಅಪ್ಪ ಆ ಆಯಾಳ ಬಾಯಲ್ಲೇ ಪುಡಿಯ ವಿಷಯ ಹೇಳಿಸಿದ. ಅದೊಂದರಿಂದಲೇ ಅಲ್ಲ, ಈ ರೋಗವೇ ಮರಳಿ ಬರುವಂಥದ್ದು ಎಂದರು ಅವರು. ಈ ಸಲ ಎಲುಬನ್ನು ಇನ್ನಷ್ಟು ಕೆರೆಯಬೇಕು, ಆ ಕಿವಿ ಇನ್ನು ಕೇಳಿಸಲಿಕ್ಕಿಲ್ಲ ಎಂದೂ ಹೇಳಿದರು. ಅವ್ವನಿಗೆ ಮುಟ್ಟಿದ್ದು ಕಡೆಯ ಮಾತಷ್ಟೇ. ನನಗೆ ಕಿವಿಗಿಂತ ಅವಳ ಮುಖ ನೋಡಿಯೇ ಹೆಚ್ಚು ಭಯವಾಯಿತು.

ಒಳಗೆ ಒಯ್ಯುವ ಮೊದಲು ಅವಳು ಬಗ್ಗಿ ನನ್ನ ಎಡಗಿವಿಯಲ್ಲಿ ಏನೋ ಹೇಳಿದಳು. ಉಸಿರು ಬಿಸಿಯಾಗಿ ತಾಗಿತು, ಮಾತು ತಲುಪಲಿಲ್ಲ.

“ಏನಂದಿ ಯವ್ವಾ?”

“ಏನಿಲ್ಲಪ, ಹೋಗು.”

ಕೀವು ಮೂರನೇ ಸಲವೂ ಬಂತು. ಕಿವಿ ಹೋಗೇ ಹೋಯಿತು. ಅವ್ವ ಇರುವವರೆಗೂ ನಮ್ಮ ಮನೆಯ ಅಡುಗೆಗೆ ಅರಿಶಿನ ಬೀಳಲಿಲ್ಲ.

ನಿಮ್ಮ ಫೋನು ತೆಲುಗನ್ನು ಕ್ಷಣದಲ್ಲಿ ಕನ್ನಡ ಮಾಡಿ ಹೇಳುತ್ತದೆ. ಅದಿದ್ದಿದ್ದರೆ ಅವ್ವ ಪುಡಿ ಊದುತ್ತಿರಲಿಲ್ಲ. ನೀವು ಗುಟ್ಟು ಹೇಳಲು ನನ್ನ ಎಡಗಡೆಗೇ ಬರುತ್ತೀರಿ, ತುಂಟರು. ನಾನೂ ಕೇಳಿಸಿದವನಂತೆ ನಗುತ್ತೇನೆ. ಅವ್ವ ಅವತ್ತು ಅದೇ ಕಿವಿಯಲ್ಲಿ ಹೇಳಿದ್ದು ಕನ್ನಡವೇ. ಅದು ಏನೆಂದು ಯಾವ ಫೋನೂ ನನಗೆ ಹೇಳಲಾರದು.