ಹುಲಿಗೆಮ್ಮನ ಕಿಟಕಿ

ದೇವದುರ್ಗದ ಬಸ್ಸು ಗಬ್ಬೂರಿನಲ್ಲಿ ಪಂಕ್ಚರ್ ಆಯಿತು. ಚಕ್ರ ಬದಲಿಸುವವರೆಗೆ ನೆರಳು ಹುಡುಕಿ ಪಕ್ಕದ ಓಣಿಗೆ ಹೋದೆ. ಅಲ್ಲಿ ಚಾವಣಿ ಇನ್ನೂ ಹಾಕದ ಹೊಸ ಮನೆಯೊಂದರ ಗೋಡೆಯಲ್ಲಿ, ಕಿಟಕಿಗೆಂದು ಬಿಟ್ಟ ಜಾಗದೊಳಗೆ ಒಬ್ಬ ಹೆಂಗಸು ಕಾಲು ಇಳಿಬಿಟ್ಟು ಕೂತಿದ್ದಳು. ಕೆಳಗೆ ಗೋಡೆ ಕಟ್ಟುವ ಗೌಂಡಿ ಸಿಮೆಂಟಿನ ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದ.

"ಹುಲಿಗೆಮ್ಮಾ, ಇಳಿ. ಇಟ್ಟಿಗಿ ಇಟ್ಟು ಮುಚ್ಚಲಿ," ಎಂದ ಅವಳ ಗಂಡನ ಅಣ್ಣ. ಕಿಟಕಿ ತನ್ನ ಅಂಗಳದ ಕಡೆಗೆ ತೆರೆಯುತ್ತದೆಂದು ಅವನ ತಕರಾರು. "ಮಳಿನೂ ಒಳಗ ಹೊಡಿತದ."

"ಮ್ಯಾಲ ಪರಸಿ ಕಲ್ಲು ಹೊರಗ ಚಾಚಿ ಕೂಡಿಸಿದ್ರ ಮಳಿ ಬರಂಗಿಲ್ಲ ಬಾವಾರ. ಗಾಳಿ ಬರೋದು ಇದೊಂದೇ ಕಡಿಯಿಂದ." ಅವಳು ದನಿ ಏರಿಸಲಿಲ್ಲ. "ಹಳಿ ಮನ್ಯಾಗ ಕಿಟಕಿ ಇಲ್ಲದ ಖೋಲ್ಯಾಗ ಬಾಣಂತನ ಮಾಡೀನಿ. ಬ್ಯಾಸಿಗ್ಯಾಗ ಕೂಸಿನ ಮೈತುಂಬ ಬೆವರಸಾಲಿ. ಮಳಿಗಾಲದಾಗ ಗ್ವಾಡಿ ಹಸಿ ಆರಲಾರದ ನನಗ ದಮ್ಮು ಹಿಡೀತು. ಮುಚ್ಚೋದಾದ್ರ ನನ್ನ ಒಳಗಿಟ್ಟೇ ಮುಚ್ರಿ."

ಅಣ್ಣ ತಮ್ಮನ ಕಡೆ, ಅವಳ ಗಂಡನ ಕಡೆ ತಿರುಗಿದ. ಅವನು ಪಕ್ಕದಲ್ಲಿ ಮರಳು ಸೋಸುತ್ತಿದ್ದವನು ನಿಲ್ಲಿಸಿದ.

"ಆಕಿ ಇಳಿಯಂಗಿಲ್ಲ ಅಣ್ಣಾ. ನಾನೂ ಇಳಿ ಅನ್ನಂಗಿಲ್ಲ."

"ಹಂಗಾರ ಇನ್ನ ಮ್ಯಾಲ ನನ್ನ ಅಂಗಳಕ್ಕ ಕಾಲಿಡಬ್ಯಾಡ್ರಿ."

"ಆತ್ರಿ," ಎಂದಳು ಹುಲಿಗೆಮ್ಮ. ಅವನು ಹೋಗುವವರೆಗೂ ಅವನನ್ನೇ ನೋಡುತ್ತಿದ್ದಳು. ಅವಳ ಕೈ ಮಾತ್ರ ಗೋಡೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

ಗೌಂಡಿ ಬುಟ್ಟಿ ಕೆಳಗಿಟ್ಟ. ಗಂಡನೂ ಅವನೂ ಸೇರಿ ಉದ್ದನೆಯ ಚಪ್ಪಟೆ ಪರಸಿ ಕಲ್ಲೊಂದನ್ನು ಎತ್ತಿಕೊಂಡು ಬಂದರು.

"ತಂಗೀ, ತಲಿ ಒಂದೀಟು ಬಗ್ಗಸು. ಕಲ್ಲು ಕೂಡಿಸ್ತೀವಿ," ಎಂದ ಗೌಂಡಿ.

ಅವಳು ತಲೆ ಬಗ್ಗಿಸಿದಳು. ಕೆಳಗೆ ಇಳಿಯಲಿಲ್ಲ.