ಸೂಲಗಿತ್ತಿ ಸುಣ್ಣ ಬಳಿದ ಗೋಡೆ

ಸೂಲಗಿತ್ತಿಯ ಮನೆಯ ಒಳಕೋಣೆಯಲ್ಲಿ ಜನನ ನೋಂದಣಿ ಕಚೇರಿಯ ಗುಮಾಸ್ತ ಫೋಟೋ ತೆಗೆಯಲೆಂದು ಫೋನು ಎತ್ತಿದ. ಎದುರಿಗಿದ್ದದ್ದು ಬರೀ ಬಿಳಿ ಗೋಡೆ.

"ಇದೇನಾ ಗೋಡೆ?" ಎಂದ.

ಸೂಲಗಿತ್ತಿ ಸೆರಗಿನ ತುದಿ ತಿರುಚುತ್ತಾ ನಿಂತಳು. ಪಕ್ಕದಲ್ಲಿ ಇಟ್ಟಿಗೆ ಹೊರುವ ಹೆಂಗಸು, ಬಾಯಿ ತೆರೆದವಳು ಮುಚ್ಚಿರಲಿಲ್ಲ. ಅವಳ ಮಗಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಶನಿವಾರದೊಳಗೆ ಜನನ ಪ್ರಮಾಣಪತ್ರ ಕೊಡದಿದ್ದರೆ ಸೀಟು ಇನ್ನೊಬ್ಬರ ಪಾಲು. ಹುಡುಗಿ ಹುಟ್ಟಿದ್ದು ಮನೆಯಲ್ಲಿ, ಈ ಸೂಲಗಿತ್ತಿಯ ಕೈಯಲ್ಲಿ. ಹುಟ್ಟಿದ ದಿನಕ್ಕೆ ಸಾಕ್ಷಿ ಇದ್ದದ್ದು ಈ ಒಳಕೋಣೆಯ ಗೋಡೆಯೊಂದೇ.

ಸೂಲಗಿತ್ತಿಗೆ ಓದು ಬರಹ ಬಾರದು. ಪ್ರತಿ ಹೆರಿಗೆ ಮುಗಿಸಿ ಬಂದವಳೇ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು, ಅಂಟು ಹಚ್ಚಿ ಗೋಡೆಗೆ ಅಂಟಿಸುತ್ತಿದ್ದಳು. ತಾಯಿ ಓಡಾಡುವಂತಾಗಿ ಮಗುವನ್ನು ತಂದಾಗ, ಎಣ್ಣೆಯಲ್ಲಿ ಕಲಸಿದ ಮಸಿಗೆ ಅದರ ಪಾದ ಅದ್ದಿ ಹಾಳೆಯ ಕೆಳಗೆ ಒತ್ತುತ್ತಿದ್ದಳು. ಮೂವತ್ತು ವರ್ಷ, ಸಾಲು ಸಾಲು ಪಾದ. ಯಾವುದು ಯಾರದೆಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುವಳು.

ಹೋದ ವಾರ ಸೂಲಗಿತ್ತಿಯ ಮಗಳ ಭಾವೀ ಅತ್ತೆ ಮನೆಗೆ ಬರುವವಳಿದ್ದಳು. ಆಕೆ ದೊಡ್ಡ ಆಸ್ಪತ್ರೆಯಲ್ಲಿ ಮೇಲ್ವಿಚಾರಕಿ. ಅಲ್ಲಿನ ನೆಲದಲ್ಲಿ ಮುಖ ನೋಡಿಕೊಳ್ಳಬಹುದಂತೆ. ಅದನ್ನು ಕೇಳಿದಂದಿನಿಂದ ಸೂಲಗಿತ್ತಿಗೆ ತನ್ನ ಗೋಡೆ ಕೊಳಕಾಗಿ ಕಾಣಿಸತೊಡಗಿತು. ಹಾಳೆಗಳನ್ನೆಲ್ಲ ಕೆರೆದು ಕಿತ್ತು ನೀರೊಲೆಗೆ ಹಾಕಿದಳು. ಪಾದಗಳ ಮೇಲೆ ಸುಣ್ಣ ಬಳಿದಳು. ಭಾವೀ ಅತ್ತೆ ಬಂದಳು, ಹೊರಗಿನ ಕೋಣೆಯಲ್ಲೇ ಚಹಾ ಕುಡಿದಳು, ಹೋದಳು. ಒಳಕೋಣೆಯತ್ತ ಕತ್ತು ಕೂಡ ಹೊರಳಿಸಲಿಲ್ಲ.

ಹೆರಿಗೆಯ ಹೊತ್ತಿಗೆ ಇವಳ ಕೈ ಬೇಕು, ಸಂಬಂಧ ಕೂಡಿಸುವ ಹೊತ್ತಿಗೆ ಇವಳ ಗೋಡೆ ಮುಚ್ಚಬೇಕು. ದುಡಿದವಳಿಗೆ ತನ್ನ ದುಡಿಮೆಯೇ ಮೈಲಿಗೆಯೆನಿಸುವಂತೆ ಮಾಡಿದವರು ಎಲ್ಲಿಂದಲೋ ಬಂದವರಲ್ಲ. ನಾವೇ.

"ನಿನ್ನೆ ಸಂಜೆ ಕೇಳಿದಾಗ ಕರ್ಕೊಂಡು ಬಾ ಅಂದ್ಯಲ್ಲಕ್ಕಾ!" ಇಟ್ಟಿಗೆಯವಳಿಗೆ ಈಗ ದನಿ ಬಂತು. "ಈ ಸಾಹೇಬ್ರ ಕೈಕಾಲು ಹಿಡಿದು ಕರ್ಕೊಂಡು ಬಂದಿದ್ದೀನಿ!"

ನಿನ್ನೆ ನಿಜ ಹೇಳಲು ಸೂಲಗಿತ್ತಿಗೆ ನಾಲಿಗೆ ಏಳಲಿಲ್ಲ. ಇವತ್ತು ಎದ್ದ ನಾಲಿಗೆ ಸುಳ್ಳು ಹೇಳಿತು.

"ನಮ್ಮ ಹುಡುಗಿ ಬಳಿದುಬಿಟ್ಲು ಸಾರ್. ಗೊತ್ತಾಗ್ಲಿಲ್ಲ ಅವಳಿಗೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸುಣ್ಣದ ಬಕೆಟ್ಟು ಕಿತ್ತುಕೊಳ್ಳಲು ಬಂದು, "ಬೇಡ ಕಣಮ್ಮ, ನೋಡೋರು ನೋಡ್ಲಿ, ಇದು ನಿನ್ನ ಕೆಲಸ" ಎಂದು ಅಂಗಲಾಚಿದ್ದವಳು ಆ ಮಗಳೇ.

ಗುಮಾಸ್ತ ಕೆಟ್ಟವನಲ್ಲ. ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡಿದ. ಎಣ್ಣೆ ಸುಣ್ಣಕ್ಕೆ ಬಗ್ಗುವುದಿಲ್ಲ. ಬಿಳಿಯ ಮೇಲೆ ಹಳದಿಯಾಗಿ, ಬೆರಳುದ್ದದ ಪಾದಗಳು ಮೆಲ್ಲಗೆ ಮೂಡಿದ್ದವು.

"ಕಾಲಿದೆ, ತಾರೀಖಿಲ್ಲ. ಈಕೆಯ ಮಗಳದ್ದು ಯಾವುದಮ್ಮಾ?"

ಸೂಲಗಿತ್ತಿ ತಡವರಿಸದೆ ಬೆರಳಿಟ್ಟಳು. "ಇದು. ಈ ಕಡೆ ದರ್ಜಿ ಮಗ, ಆ ಕಡೆ ಡ್ರೈವರ್ ಮಗಳು. ಒಂದೇ ವಾರದಲ್ಲಿ ಮೂರು, ಸಾರ್. ಸೊಂಟ ಬಿದ್ದುಹೋಗಿತ್ತು."

"ಅವರಿಬ್ಬರ ಹತ್ರ ಪ್ರಮಾಣಪತ್ರ ಇದೆಯಾ?"

"ಅವರಪ್ಪಂದಿರು ಓದಿದೋರು. ಆಗಲೇ ಮಾಡಿಸಿದ್ರು."

"ಹಾಗಾದ್ರೆ ಈಕೆಯ ಮಗಳೂ ಅದೇ ವಾರ ಹುಟ್ಟಿದ್ದು ಅಂತ ಆ ಇಬ್ಬರು ತಾಯಂದಿರ ಹೇಳಿಕೆ ತನ್ನಿ. ನಮ್ಮ ಮೇಲಿನ ಸಾಹೇಬರು ಒಪ್ತಾರೋ ಇಲ್ವೋ, ನಾನಂತೂ ಕಳಿಸ್ತೀನಿ." ಕಾಗದ ತೆಗೆದು ಬರೆಯತೊಡಗಿದ. "ಗೋಡೆ ಅಳಿಸಿದೋರು ಯಾರು ಅಂತಾನೂ ಬರೀಬೇಕು. ಅವರದೇ ಸಹಿ ಬೇಕು. ಮಗಳನ್ನ ಕರೀರಿ."

ಕರೆಯುವ ಮೊದಲೇ ಮಗಳು ಬಂದಳು. ಒದ್ದೆ ಕೈ ಒರೆಸಿಕೊಂಡು, ಅಮ್ಮನ ಮುಖ ನೋಡದೆ ಪೆನ್ನಿಗೆ ಕೈ ಚಾಚಿದಳು. "ಎಲ್ಲಿ ಹಾಕ್ಬೇಕು ಸಾರ್?"

ಒಂದು ಮಾತು ಬೈದಿದ್ದರೆ ಸೂಲಗಿತ್ತಿ ತಡೆದುಕೊಳ್ಳುತ್ತಿದ್ದಳೇನೋ.

"ಪೆನ್ನು ಇಡೇ," ಎಂದಳು. "ಅವಳಲ್ಲ ಸಾರ್. ಬೇಡ ಅಂದೋಳು ಅವಳು. ಬಳಿದೋಳು ನಾನು. ನೋಡಿದೋರು ಏನಂದುಕೊಳ್ತಾರೋ ಅಂತ ನಾಚಿಕೆಯಾಯ್ತು. ಹಾಗೇ ಬರೀರಿ."

ಗುಮಾಸ್ತ ಹಾಗೇ ಬರೆದ, ಓದಿ ಹೇಳಿದ. ಸಾವಿರ ಪುಟ್ಟ ಪಾದಗಳನ್ನು ಮಸಿಗೆ ಅದ್ದಿದವಳು ತನ್ನ ಹೆಬ್ಬೆರಳನ್ನು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದಳು.

ಆ ಕೂಡಲೇ ಇಟ್ಟಿಗೆಯವಳು ಮುಂದೆ, ಇವಳು ಹಿಂದೆ, ದರ್ಜಿಯ ಮನೆಗೆ ನಡೆದರು. ಬಾಗಿಲ ಮುಂದೆ ಇಟ್ಟಿಗೆಯವಳು ಪಕ್ಕಕ್ಕೆ ಸರಿದಳು.

"ನೀನೇ ಹೇಳಕ್ಕಾ. ಅವರ ಮಗನ ಹಾಳೇನೂ ಒಲೆಗೆ ಹಾಕಿದ್ದೀಯಲ್ಲ."

ದರ್ಜಿಯ ಹೆಂಡತಿ ಬಾಗಿಲು ತೆರೆದು, ಮುಖವರಳಿಸಿ, "ಬಾ ತಾಯಿ, ಒಳಗೆ ಬಾ!" ಎಂದಳು.

ಸೂಲಗಿತ್ತಿ ಮಸಿಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಹೊಸ್ತಿಲ ಹೊರಗೇ ನಿಂತಳು.