ತಾಟಿನ ಬದಿಗಿಟ್ಟ ಹಲ್ಲು

ಇದನ್ನು ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ಮಗಳಿಗೆ ತೊಂದರೆ ಆದೀತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ನೆಪ.

ಎಂಬತ್ತರ ದಶಕದ ಮೊದಲಿಗೆ ನಾಸಿಕದ ಸಾತಪುರದಲ್ಲಿ ಫಿಟ್ಟರ್ ಆಗಿದ್ದೆ. ನಮ್ಮ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ವಿಜಾಪುರದ ಕಡೆಯವನೇ ಒಬ್ಬ ಮುಷ್ಕರ ಮುರಿದು ಕೆಲಸಕ್ಕೆ ಹೊರಟ. ಗೇಟಿನ ಮುಂದೆ ಸೈಕಲ್ ತಡೆದೆ.

"ಮನ್ಯಾಗ ಸಣ್ಣ ಕೂಸೈತಿ, ಬಿಡೋ ಅಣ್ಣಾ," ಅಂದ.

ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾದಿಂದ ಬಾಯಿಗೇ ಹೊಡೆದೆ. ಕೆಳಗೆ ಬಿದ್ದ. ಎದೆಯ ಮೇಲೆ ಕೂತು ಮತ್ತೆ ಹೊಡೆದೆ. ದವಡೆ ಲಟಕ್ಕೆಂದಿತು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ರಕ್ತದ ಜೊತೆ ಹಲ್ಲು ಉಗುಳಿದ. ಸುತ್ತ ನಿಂತವರು ಶಾಬಾಸ್ ಅಂದರು, ನನಗೆ ಹೆಮ್ಮೆಯಾಯಿತು. ಅವನು ನನ್ನ ಹೆಸರು ಯಾರಿಗೂ ಹೇಳದೆ ಊರು ಬಿಟ್ಟ.

ಎರಡು ಸಾವಿರದ ಆರರ ಸುಮಾರಿಗೆ ಮಗಳಿಗೆ ಗಂಡು ನೋಡಲು ಔರಂಗಾಬಾದಿಗೆ, ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ಹೋದೆ. ಬಾಗಿಲು ತೆರೆದವರು ಹುಡುಗನ ತಂದೆ, ಅವತ್ತು ಗೇಟಿನ ಮುಂದೆ ನಾನು ಹೊಡೆದವರೇ. ಇಬ್ಬರಿಗೂ ಗುರುತು ಸಿಕ್ಕಿತು. ಅವರು ಒಂದು ಮಾತಾಡಿದ್ದರೆ ಸಂಬಂಧ ಅಲ್ಲೇ ಮುರಿಯುತ್ತಿತ್ತು.

ಊಟಕ್ಕೆ ಕೂತಾಗ ಬಾಯಿಂದ ಮೇಲಿನ ಹಲ್ಲಿನ ಪ್ಲೇಟು ತೆಗೆದು ತಾಟಿನ ಬದಿಗಿಟ್ಟರು.

"ಇದು ಮಾತಾಡಾಕ, ನಗಾಕ ಅಷ್ಟರಿ. ಅಡಿಯಾಗ ಶೇಂಗಾದ ಚೂರು ಹೊಕ್ಕರ ಜೀವಾ ಹೋಗತೈತಿ. ಕೆಳಗ ಬ್ರಿಜ್ ಅಂತ ಕಟ್ಟಿದ ಹಲ್ಲ ಕೂಡಿಸ್ಯಾರ, ಅದು ಅಲುಗೂದಿಲ್ಲ. ಖರೆ, ಮ್ಯಾಲ ಹಲ್ಲ ಇಲ್ಲಂದ್ರ ಅದೊಂದ ಏನ ಅಗದೀತು?"

"ಏನಾಗಿತ್ತರಿ?" ಮದುವೆ ಕುದುರಿಸಲು ಬಂದವರು ಕೇಳಿದರು.

"ಸೈಕಲ್ ಮ್ಯಾಲಿಂದ ಬಿದ್ದಿದ್ದೆ."

ಅವರ ಹೆಂಡತಿ ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಕುಟ್ಟಿ ಪುಡಿ ಮಾಡಿ, ಹಾಲಲ್ಲಿ ನೆನೆಸಿ ಗಂಡನಿಗೆ ಕೊಟ್ಟರು. ನನ್ನ ತಾಟಿಗೆ ಇಡೀ ರೊಟ್ಟಿ ಬಂತು.

"ನೀವು ಅಗೀರಿ. ನಿಮ್ಮವು ಗಟ್ಟಿ ಅದಾವಲ್ಲ," ಅಂದರು ಆಕೆ.

ಕೋಣೆಗೆಲ್ಲ ನಾನು ಅಗಿಯುವ ಸಪ್ಪಳ. ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಆಕೆಯೇ ನೀರು ಹಾಕಿದರು. ದನಿ ಏರಲಿಲ್ಲ.

"ಪಾನಾ ಹಿಡದ ಕೈ ಇದ ಅಂತ ಗೊತ್ತೈತ್ರಿ, ನಮ್ಮವರು ಆಗಳೇ ಹೇಳ್ಯಾರ. ನಿಮ್ಮ ಮಗಳು ಏನ ಮಾಡ್ಯಾಳ? ಕಳಸ್ರಿ."

ಮದುವೆಯಾಯಿತು. ಆಮೇಲೊಂದು ದಿನ ಬೀಗರ ಕಾಲು ಹಿಡಿದೆ. "ಏಳ್ರಿ, ಸೊಂಟ ಹಿಡದೀತು," ಅಂತ ನಕ್ಕು ಎಬ್ಬಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ನಾನು ಮುರಿದ ಬಾಯಿಗಾಗಿ ದಿನಾ ರೊಟ್ಟಿ ಕುಟ್ಟಿದವರು, ನನ್ನ ಮಗಳನ್ನು ಹೊಡೆತವಿಲ್ಲದ ಮನೆಗೆ ಸೇರಿಸಿಕೊಂಡವರು ಬೇರೆ. ಅವರ ಮುಂದೆ ಇವತ್ತಿಗೂ ನಾನು ತಪ್ಪಾಯಿತು ಅಂದಿಲ್ಲ. ಅವರು ನನ್ನ ಬೀಗತಿ.